ಅಂಚು ದಾಟದ ಮುಖ

ಬಿಸಿಲುಗಾಲ ಆಗಷ್ಟೇ ಕಾಲಿಟ್ಟಿತ್ತು. ಊಟದ ಹೊತ್ತು ಕಳೆದು, ನೆರಳು ನಮ್ಮ ಅಂಗಡಿಯ ಮೆಟ್ಟಿಲ ಬುಡದಲ್ಲಿ ಮುದುರಿ ಕೂತಿತ್ತು. ಎದುರು ಸಾಲಿನ ಟೈಲರಮ್ಮ ಕೈಯಲ್ಲಿ ಒಂದು ಫೋಟೊ ಹಿಡಿದು ಬಿಸಿಲಲ್ಲೇ ರಸ್ತೆ ದಾಟಿ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಳತೆಯ ಟೇಪು ಮಾತ್ರ ಕುತ್ತಿಗೆಯಲ್ಲೇ ಜೋತಾಡುತ್ತಿತ್ತು.

ಹಿಂದಿನ ಸಂಜೆ ಅವಳ ಮಗಳು ಕಳೆದುಹೋಗಿದ್ದಳು. ಪೇಟೆಯಲ್ಲಿ ಯಾರದೋ ರವಿಕೆಗೆ ಗುಂಡಿ ಹೊಂದಿಸಲು ಟೈಲರಮ್ಮ ಒಂದು ಅಂಗಡಿ ಹೊಕ್ಕಿದ್ದಳು. ಮಗು ಹೊರಗೆ, ಪಕ್ಕದ ವ್ಯಾಪಾರಿಯ ತಕ್ಕಡಿ ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಿಂತಿತ್ತು. ಗುಂಡಿ ಕೊಂಡು ಹೊರಬಂದರೆ ತಕ್ಕಡಿ ಇತ್ತು, ಮಗು ಇರಲಿಲ್ಲ.

ಆ ಮಗುವನ್ನು ಬೀದಿಯವರೆಲ್ಲ ಬಟಾಣಿ ಎನ್ನುತ್ತಿದ್ದೆವು. ನಾಲ್ಕು ವರ್ಷದ ಕೂಸು. ಹಣೆ, ಕೆನ್ನೆ, ಗಲ್ಲ ಎಲ್ಲ ಒಂದೇ ಗುಂಡಗೆ, ಬಟ್ಟಲು ಕವುಚಿಟ್ಟ ಹಾಗೆ. ಅಪ್ಪ ಬಸ್ಸಿನ ಕಂಡಕ್ಟರ್. ಅವನದು ಉದ್ದ ಮುಖ, ಚೂಪು ದವಡೆ. "ನಿನ್ನ ಮುಖ ಮಧ್ಯಕ್ಕೆ ಹರಿದ್ರೆ ಎರಡು ಟಿಕೆಟ್ ಆಗುತ್ತೆ, ಸದ್ಯ ನನ್ನ ಮಗಳು ನನ್ನ ಹಾಗೆ ಹುಟ್ಟಿದಾಳೆ" ಎಂದು ಹೆಂಡತಿ ರೇಗಿಸುತ್ತಿದ್ದಳು. "ಇನ್ನೂ ಹಿಟ್ಟು ಹಸಿ ಇದೆ ಕಣೇ, ಬೆಂದ ಮೇಲೆ ನೋಡು" ಎನ್ನುತ್ತಿದ್ದ ಅವನು.

ನಮ್ಮದು ಬೋರ್ಡು ಬರೆಯುವ ಅಂಗಡಿ. ನಮ್ಮ ಯಜಮಾನರ ಕಾಲದಲ್ಲಿ ಬಣ್ಣದ ಡಬ್ಬಿ, ಕುಂಚ, ಏಣಿ. ಅವರು ಹೋದ ಮೇಲೆ ಮಗಳು ಕಂಪ್ಯೂಟರು ತಂದಳು. ಕಪ್ಪು ಹಲಗೆಯೊಂದರ ಮೇಲೆ ಒಣ ಪೆನ್ನು ಆಡಿಸಿದರೆ ಎದುರಿನ ಪರದೆಯ ಮೇಲೆ ಬಣ್ಣ ಮೂಡುತ್ತದೆ. ಅಂಗಡಿಯ ನೆಲ ಮಾತ್ರ ಈಗ ಸ್ವಚ್ಛ. ಬಟಾಣಿ ಕಳೆದ ಆ ಮೊದಲ ವರ್ಷ ಚಿತ್ರ ಬರೆಯುವಂಥದ್ದು ಏನೂ ಇರಲಿಲ್ಲ. ಫೋಟೊ ಇದ್ದ ಹಾಗೇ ಹಾಕಿ, 'ಕಾಣೆಯಾಗಿದ್ದಾಳೆ' ಎಂದು ಮೇಲೆ ಬರೆದು, ಬಲಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ತಾಗಿ ಸುಟ್ಟ ಕಲೆ ಇದೆ ಎಂದು ಕೆಳಗೆ ಬರೆದು, ಮಗಳು ಕಂತೆಗಟ್ಟಲೆ ಅಚ್ಚು ಮಾಡಿಕೊಟ್ಟಳು. ಅಂಟು ನಾನು ಕಾಯಿಸಿಕೊಟ್ಟೆ. ಕಂಡಕ್ಟರ್ ತನ್ನ ಬಸ್ಸು ನಿಲ್ಲುವ ಪ್ರತಿ ಊರಿನಲ್ಲೂ ಇಳಿದು ಗೋಡೆಗೆ ಹಚ್ಚಿ ಬಂದ. ಬಸ್ಸು ತಡವಾಯಿತೆಂದು ಬೈಯಬೇಕಾದ ಜನ ಅಂಟಿನ ಡಬ್ಬಿ ಹಿಡಿದುಕೊಂಡು ಅವನ ಜೊತೆ ಇಳಿಯುತ್ತಿದ್ದರಂತೆ.

ಯಾರಿಗೂ ಸಿಗಲಿಲ್ಲ. ಮತ್ತೆ ಬಿಸಿಲುಗಾಲ ಬಂತು.

"ಮಗು ಬೆಳೆದಿರುತ್ತೆ ತಂಗಿ" ಎಂದು ಕಂಡಕ್ಟರ್ ನನ್ನ ಮಗಳಿಗೆ ಹೇಳಿದ. "ಹೋದ ವರ್ಷದ ಫೋಟೊ ಇಟ್ಕೊಂಡು ಯಾರು ಗುರುತು ಹಿಡೀತಾರೆ? ಒಂದು ವರ್ಷ ದೊಡ್ಡೋಳನ್ನ ಮಾಡಿಕೊಡು."

ಮಗಳು ಅವನನ್ನು ಎದುರಿಗೆ ಕೂರಿಸಿಕೊಂಡು, ಟೈಲರಮ್ಮನ ಚಿಕ್ಕಂದಿನ ಫೋಟೊಗಳನ್ನೂ ಇಟ್ಟುಕೊಂಡು ಬರೆದಳು. ಮುಖ ಕೆಳಗಡೆ ಒಂಚೂರೇ ಚೂರು ಇಳಿದಿತ್ತು. ನನಗೆ ಬಟಾಣಿಯೇ ಕಂಡಳು, ಎದ್ದು ಬಂದು ಚಾಕಲೇಟು ಕೇಳುವ ಹಾಗೆ. ಟೈಲರಮ್ಮ ಬಂದು ನೋಡಿದಳು. ನೋಡಿದವಳೇ ಹಿಂದಕ್ಕೆ ಸರಿದಳು.

"ಇದು ಯಾರ ಮಗು?"

"ಬಟಾಣಿ ಅಕ್ಕ. ಒಂದು ವರ್ಷ ಕಳೆದ್ರೆ ಹೀಗಿರ್ತಾಳೆ ಅಂತ."

"ನನ್ನ ಮಗಳ ಗಲ್ಲ ಇದಲ್ಲ." ಅವಳು ಪರದೆಯ ಹತ್ತಿರ ಬಂದು, ಮಗುವಿನ ಹಳೆಯ ಫೋಟೊದ ಮುಖದ ಸುತ್ತ ಬೆರಳು ಎಳೆದಳು, ಬಟ್ಟೆಯ ಮೇಲೆ ಚಾಕ್ ಎಳೆಯುವ ಹಾಗೆ. "ಈ ಗೆರೆ ದಾಟಬೇಡ. ಒಳಗೆ ಏನು ಬೇಕಾದ್ರೂ ಬರಿ. ಹಲ್ಲು ಬೀಳಿಸು, ಮೂಗು ಬೆಳೆಸು. ತಲೆ ಬಾಚಿ ಬಾಚಿ, ಮುಖ ಒರೆಸಿ ಒರೆಸಿ ಈ ಗೆರೆ ನನ್ನ ಕೈಗೆ ಗೊತ್ತು. ಇದೂ ಹೋದ್ರೆ ನನ್ನ ಹತ್ರ ಏನು ಉಳೀತು?"

ಕಂಡಕ್ಟರ್ ಬಾಗಿಲಲ್ಲಿ ನಿಂತಿದ್ದ. "ಊರ ಮಕ್ಕಳ ಫ್ರಾಕಿಗೆಲ್ಲ ಬೆಳೀತಾರೆ ಅಂತ ಮಡಿಕೆ ಬಿಟ್ಟು ಹೊಲೀತೀಯ. ನಿನ್ನ ಮಗಳ ಮುಖಕ್ಕೆ ಒಂದು ಬೆರಳು ಬಿಡೋಕಾಗಲ್ವಾ?"

ಅವಳು ಅವನ ಕಡೆ ತಿರುಗಲೂ ಇಲ್ಲ. ನನ್ನ ಮಗಳ ಕೈ ಹಿಡಿದು, "ದಾಟಲ್ಲ ಅನ್ನು" ಎಂದಳು. ಮಗಳು ನನ್ನ ಮುಖ ನೋಡಿದಳು. ಆ ಹೆಂಗಸು ವರ್ಷದಿಂದ ಸರಿಯಾಗಿ ಉಂಡಿರಲಿಲ್ಲ, ಮಣಿಕಟ್ಟು ಕಡ್ಡಿಯಾಗಿತ್ತು. "ಆಯ್ತಕ್ಕ, ದಾಟಲ್ಲ" ಎಂದಳು ಮಗಳು.

ಅಲ್ಲಿಂದ ಅದೇ ರೂಢಿಯಾಯಿತು. ವರ್ಷಕ್ಕೊಮ್ಮೆ, ಬಿಸಿಲು ಏರುವ ಹೊತ್ತಿಗೆ, ಟೈಲರಮ್ಮ ಮಿಷನ್ನಿಗೆ ಬಟ್ಟೆ ಹೊದಿಸಿ ನಮ್ಮಲ್ಲಿಗೆ ಬರುತ್ತಿದ್ದಳು. ಮಗಳು ಹೊಸ ಮುಖ ಬರೆಯುತ್ತಿದ್ದಳು. ಹಾಲುಹಲ್ಲು ಬಿದ್ದವು, ಹೊಸ ಹಲ್ಲು ಬಂದವು, ಹುಬ್ಬು ದಟ್ಟವಾಯಿತು. ಕೂದಲಿಗೆ ಗೆರೆಯ ಕಟ್ಟು ಇರಲಿಲ್ಲ, ಅದನ್ನು ಬೇರೆಯಾಗಿ ಬರೆದು ಮುಖದ ಮೇಲೆ ಕೂರಿಸುತ್ತಿದ್ದಳು. ಹಾಗಾಗಿ ಎರಡು ಜಡೆ ಹೆಣೆದು ಭುಜಕ್ಕೆ ಇಳಿಬಿಟ್ಟಳು. "ಜಡೆ ಸಡಿಲ ಆಯ್ತು ನೋಡೇ, ನಾನಿದ್ದಿದ್ರೆ ಬಿಗಿಯಾಗಿ ಹಾಕ್ತಿದ್ದೆ" ಎಂದು ಟೈಲರಮ್ಮ ತಪ್ಪು ಹುಡುಕುತ್ತಿದ್ದಳು. "ನೀವು ಬಿಗಿ ಮಾಡಿದ್ರೆ ಆ ಕೂಸಿನ ಹುಬ್ಬು ಹಣೆ ಹತ್ತುತ್ತಿತ್ತು ಅಕ್ಕ" ಎಂದು ಮಗಳು ನಗುತ್ತಿದ್ದಳು. ವರ್ಷದಲ್ಲಿ ಆ ಒಂದು ದಿನ ಟೈಲರಮ್ಮ ನಮ್ಮ ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಳು.

ಒಂದು ಸಲ ಅವಳು ಬರುವ ಮುಂಚಿನ ದಿನ ನಾನು ಪರದೆ ನೋಡಿದೆ. ಅಲ್ಲಿ ಒಂದು ಉದ್ದ ಮುಖದ ಹುಡುಗಿ ಇದ್ದಳು. ಬಟಾಣಿಯ ಕಣ್ಣು, ಕಂಡಕ್ಟರನ ದವಡೆ.

"ಇದೇನೇ?"

"ಪೂರ್ತಿ ಮುಖ ಅಮ್ಮ. ಇದನ್ನ ಬರೆದು, ಆಮೇಲೆ ಮೇಲೆ ಮಾಸ್ಕ್ ಹಾಕ್ತೀನಿ."

"ಮುಚ್ಚೋದೇ ಆದ್ರೆ ಬರಿಯೋದ್ಯಾಕೆ?"

"ಗಲ್ಲ ಎಲ್ಲಿದೆ ಅಂತ ಗೊತ್ತಿಲ್ದೆ ಬಾಯಿ ಎಲ್ಲಿ ಇಡಲಿ?"

ಮಾಸ್ಕ್ ಎಂದರೇನೆಂದು ಅವಳು ಕೂರಿಸಿಕೊಂಡು ತೋರಿಸಿದಳು. ಆ ಯಂತ್ರದೊಳಗೆ ಪ್ರತಿ ಚುಕ್ಕೆಗೂ ಅದರ ಬಣ್ಣದ ಜೊತೆ ಇನ್ನೊಂದು ಲೆಕ್ಕ ಇರುತ್ತದೆ: ಈ ಚುಕ್ಕೆ ಎಷ್ಟು ಕಾಣಬೇಕು ಎಂಬುದು. ಪೂರ್ತಿ ಕಾಣಬಹುದು, ಮಂಜಿನ ಹಾಗೆ ಅರೆಬರೆ ಕಾಣಬಹುದು, ಏನೂ ಕಾಣದೆಯೂ ಇರಬಹುದು. ಅದನ್ನು ಆಲ್ಫಾ ಎನ್ನುತ್ತಾರೆ. ಮಾಸ್ಕ್ ಆ ಲೆಕ್ಕವನ್ನು ಬದಲಾಯಿಸುವ ಮುಚ್ಚಳ. ಮಾಸ್ಕಿನಲ್ಲಿ ಬಿಳಿ ಬಳಿದ ಕಡೆ ಚಿತ್ರ ಕಾಣುತ್ತದೆ, ಕಪ್ಪು ಬಳಿದ ಕಡೆ ಕಾಣುವುದಿಲ್ಲ. ಅಳಿಸಿದ್ದಲ್ಲ ಅದು. ಬಣ್ಣ ಅಡಿಯಲ್ಲಿ ಹಾಗೇ ಕೂತಿರುತ್ತದೆ. ಯಜಮಾನರು ತಗಡು ಕತ್ತರಿಸಿ ಅಚ್ಚು ಮಾಡುತ್ತಿದ್ದರು. ಅಕ್ಷರದ ತೂತಿನೊಳಗೆ ಬಿದ್ದ ಬಣ್ಣ ಗೋಡೆಗೆ, ಆಚೆ ಬಿದ್ದದ್ದು ತಗಡಿಗೆ. ಅದೇ ಇದು ಅಂದುಕೊಂಡೆ. ತಗಡಿನ ಮೇಲಿನ ಬಣ್ಣ ಒಣಗಿ ಉದುರಿಹೋಗುತ್ತದೆ, ಇದು ಉದುರುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಟಾಣಿಯ ಮಾಸ್ಕನ್ನು ಅವಳು ಆ ಮೊದಲ ಫೋಟೊದಿಂದ ಮಾಡಿಕೊಂಡಿದ್ದಳು. ನಾಲ್ಕು ವರ್ಷದ ಕೂಸಿನ ಮುಖದ ಅಂಚು. ಪ್ರತಿ ವರ್ಷದ ಮುಖಕ್ಕೂ ಅದೇ ಮಾಸ್ಕು. ಗೆರೆಯಾಚೆ ಕಪ್ಪು, ಒಳಗೆ ಬಿಳಿ. ಅವಳು ಒಂದು ಗುಂಡಿ ಒತ್ತಿದಳು. ಉದ್ದ ಮುಖದ ಹುಡುಗಿಯ ದವಡೆ ಕರಗಿ ಹೋಗಿ, ಗುಂಡು ಮುಖ ಉಳಿಯಿತು. ದೊಡ್ಡ ಹುಡುಗಿಯ ಕಣ್ಣು ಮೂಗು ಬಾಯಿ, ಕೂಸಿನ ತಲೆಯೊಳಗೆ ಇಕ್ಕಟ್ಟಾಗಿ ಕೂತಿದ್ದವು. ಬಾಯಿಯ ಕೆಳಗೆ ಗಲ್ಲಕ್ಕೆ ಜಾಗವೇ ಇರಲಿಲ್ಲ.

"ಇದು ಮನುಷ್ಯರ ಮುಖಾನಾ ಅಮ್ಮ, ನೀನೇ ಹೇಳು" ಎಂದಳು ಮಗಳು.

"ಅವಳಿಗೆ ಹೇಳು."

"ಯಾವ ಬಾಯಲ್ಲಿ ಹೇಳಲಿ?"

ಠಾಣೆಯ ಪೇದೆಯೂ ಒಮ್ಮೆ ಪೋಸ್ಟರು ನೋಡಿ, "ಇದೇನು ಮಗುವೋ ಬೊಂಬೆಯೋ?" ಎಂದು ಕೇಳಿದ್ದನಂತೆ. ಕಂಡಕ್ಟರ್ ಅದನ್ನು ಹೇಳಲೆಂದೇ ಬಂದ. ಹೆಂಡತಿ ಅಂಗಡಿಯಲ್ಲಿ ತಲೆ ಬಗ್ಗಿಸಿ ಹೊಲಿಯುತ್ತಿರುವುದನ್ನು ರಸ್ತೆಯಾಚೆ ನೋಡಿಕೊಂಡು, ದನಿ ತಗ್ಗಿಸಿದ.

"ತಂಗಿ, ನಿಜವಾಗಿ ಹೇಗಿರ್ತಾಳೋ ಹಾಗೊಂದು ಕೊಡು. ನನ್ನ ರೂಟಲ್ಲಿ ಮಾತ್ರ ಹಚ್ತೀನಿ. ಅವಳ ಕಣ್ಣಿಗೆ ಬೀಳಲ್ಲ."

ಮಗಳು ಮಾಸ್ಕ್ ತೆಗೆದು ಒಂದು ಕಂತೆ ಅಚ್ಚು ಮಾಡಿಕೊಟ್ಟಳು. ಅವನು ಕಾಗದ ಬಿಚ್ಚಿ, ತನ್ನದೇ ದವಡೆ ಸವರಿಕೊಂಡ. "ಅಯ್ಯೋ ಪಾಪ, ನನ್ನ ಹಾಗೇ ಆಗಿಬಿಟ್ಲಲ್ಲ" ಎಂದ. ನಕ್ಕ. ನಗುತ್ತಲೇ ಮುಖ ಆ ಕಡೆ ತಿರುಗಿಸಿಕೊಂಡ.

ಕಣ್ಣಿಗೆ ಬೀಳುವುದಿಲ್ಲ ಎಂದಿದ್ದ. ಬೀಳದೆ ಇರುತ್ತದೆಯೇ? ದೂರದ ಊರಿಗೆ ಹೋಗಿದ್ದ ಯಾರೋ ಗಿರಾಕಿ, ಅಲ್ಲಿನ ನಿಲ್ದಾಣದಲ್ಲಿ ಪೋಸ್ಟರು ಕಂಡದ್ದನ್ನು ಒಳ್ಳೆಯದಾಗಲೆಂದೇ ಟೈಲರಮ್ಮನಿಗೆ ಬಂದು ಹೇಳಿದಳು: "ಈ ಸಲದ ಚಿತ್ರ ಚೆನ್ನಾಗಿದೆ ಕಣ್ರೀ, ಜೀವಂತ ಇದ್ದ ಹಾಗಿದೆ." ಟೈಲರಮ್ಮ ಅವತ್ತೇ ಬಸ್ಸು ಹತ್ತಿದಳು. ಮರುದಿನ ನಮ್ಮ ಮೇಜಿನ ಮೇಲೆ ಆ ರೂಟಿನ ಗೋಡೆಗಳಿಂದೆಲ್ಲ ಕೆರೆದು ತಂದ ಕಾಗದದ ಚೂರುಗಳನ್ನು ಸುರಿದಳು. ಉಗುರ ಸಂದಿಯಲ್ಲಿ ಸುಣ್ಣ, ರಕ್ತ.

"ಯಾವಳೋ ಒಬ್ಬಳನ್ನ ತಂದು ನನ್ನ ಮಗಳ ಹೆಸರು ಕಟ್ಟಿದೀರಲ್ಲ. ಜನ ಇವಳನ್ನ ಹುಡುಕ್ತಾ ಹೋಗ್ತಾರೆ, ನನ್ನ ಮಗು ಅಲ್ಲೇ ಪಕ್ಕದಲ್ಲಿ ನಿಂತಿದ್ರೂ ನೋಡಲ್ಲ."

"ಕೂತ್ಕೋ ಮಗಾ" ಎಂದೆ.

"ನೀವು ಸುಮ್ನಿರಿ ದೊಡ್ಡಮ್ಮ. ಇವರಿಬ್ಬರೂ ಸೇರಿ ನನ್ನ ಮಗಳನ್ನ ಬೇರೆ ಮಾಡಿಬಿಟ್ರು."

ಕಂಡಕ್ಟರ್ ಗೋಡೆಗೆ ಒರಗಿ ನಿಂತಿದ್ದ. ಆ ಹೊತ್ತಿಗೆ ಅವನಲ್ಲಿ ಜಗಳದ ಶಕ್ತಿ ಉಳಿದಿರಲಿಲ್ಲ. "ಹೋಗಲಿ ಬಿಡು ತಂಗಿ" ಎಂದ. "ಅವಳು ಹೇಳಿದ ಹಾಗೇ ಮಾಡು. ಮಗಳಂತೂ ಹೋದ್ಲು, ಇವಳಾದ್ರೂ ಉಳೀಲಿ." ಮುಂದೆ ಅವನು ಕೇಳಲಿಲ್ಲ. ಕೊಟ್ಟದ್ದನ್ನು ಹಚ್ಚಿ ಬರುತ್ತಿದ್ದ. ಮಗಳು ಮಾತ್ರ ಪ್ರತಿ ವರ್ಷ ಪೂರ್ತಿ ಮುಖ ಬರೆಯುವುದನ್ನು ಬಿಡಲಿಲ್ಲ. ಬರೆಯುತ್ತಿದ್ದಳು, ಮೇಲೆ ಮಾಸ್ಕ್ ಹಾಕುತ್ತಿದ್ದಳು. ಟೈಲರಮ್ಮ ಬಂದು ಕೂರುವಷ್ಟರಲ್ಲಿ ಗೆರೆಯಾಚೆ ಏನೂ ಇರುತ್ತಿರಲಿಲ್ಲ.

ಹೀಗೆ ಒಂಬತ್ತು ಬೇಸಿಗೆ ಹೋದವು. ಆ ವರ್ಷ ಮಳೆ ಹಿಡಿದ ಮೇಲೆ ಠಾಣೆಯಿಂದ ಕಂಡಕ್ಟರನಿಗೆ ಕರೆ ಬಂತು. ಮೂರು ತಾಸಿನ ದಾರಿಯ ಒಂದು ಊರಿನ ದೊಡ್ಡಾಸ್ಪತ್ರೆಯಲ್ಲಿ ಕಾಮಾಲೆಯಿಂದ ಒಬ್ಬಳು ಹುಡುಗಿ ತೀರಿಕೊಂಡಿದ್ದಳು. ಕೇಳುವವರು ಇಲ್ಲವೆಂದು ಅಲ್ಲಿಯವರೇ ಮಣ್ಣು ಮಾಡಿದ್ದರು. ಆಮೇಲೆ ಠಾಣೆಯಲ್ಲಿ ಯಾರೋ ಆಸ್ಪತ್ರೆಯ ಕಾಗದಪತ್ರ ತಿರುವಿ ಹಾಕುವಾಗ, ಬಲಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯಂಥ ಕಲೆ ಎಂದು ಬರೆದದ್ದು ಕಣ್ಣಿಗೆ ಬಿದ್ದಿತ್ತು. ಕಂಡಕ್ಟರ್ ಹೆಂಡತಿಗೆ ಡ್ಯೂಟಿ ಎಂದು ಹೇಳಿ ಹೋದ. ಮರುದಿನ ಮಧ್ಯಾಹ್ನ ತನ್ನ ಮನೆಗೆ ಹೋಗದೆ ನೇರ ನಮ್ಮ ಅಂಗಡಿಗೆ ಬಂದ. ಜೊತೆಯಲ್ಲಿ ಒಬ್ಬ ದಪ್ಪನೆಯ ಹೆಂಗಸು, ಆ ಊರಿನ ಮೆಸ್ಸಿನ ಅಡುಗೆಯವಳು. ಹುಡುಗಿ ಕೆಲಸಕ್ಕಿದ್ದದ್ದು ಅವಳ ಕೈಕೆಳಗೆ.

ಅಡುಗೆಯವಳು ಕುರ್ಚಿ ಕೊಟ್ಟರೂ ಕೂರಲಿಲ್ಲ. ಯಾರೂ ಕೇಳದೆಯೇ ಹೇಳತೊಡಗಿದಳು.

"ತರಕಾರಿ ಮಾರೋ ಒಬ್ಬಳು ಮುದುಕಿ ಸಾಕಿದ್ಲು ಇವಳನ್ನ. ಎಲ್ಲಿಂದ ತಂದ್ಲೋ ದೇವರಿಗೇ ಗೊತ್ತು. ಮುದುಕಿ ಸತ್ತ ಮೇಲೆ ನಮ್ಮ ಮೆಸ್ಸಿಗೆ ಬಂದ್ಲು. ಒಳ್ಳೆ ಹುಡುಗಿ. ಬಾಯಿ ಜಾಸ್ತಿ, ಆದ್ರೆ ಕೈ ಚುರುಕು."

"ಪೋಸ್ಟರು?" ಎಂದಳು ನನ್ನ ಮಗಳು.

"ಇತ್ತಮ್ಮ. ಪಾತ್ರೆ ತೊಳಿಯೋ ಕಟ್ಟೆ ಮೇಲಿನ ಗೋಡೇಲೇ ಇತ್ತು. ವರ್ಷ ವರ್ಷ ಬಸ್ಸು ನಿಂತ ಐದು ನಿಮಿಷದಲ್ಲಿ ಇವರು ಬಂದು ಹಚ್ಚಿ ಓಡೋರು, ಆ ಹೊತ್ತಲ್ಲಿ ಅವಳು ಒಳಗಿರೋಳು. ಅವಳು ದಿನಾ ಅದರ ಕೆಳಗೇ ಕೂತು ತೊಳೀತಿದ್ಲು. 'ಅಕ್ಕಾ, ಈ ಮಗು ತಲೆ ನೋಡು, ಕುಂಬಳಕಾಯಿ, ಪಾಪ ಯಾರ ಮನೇದೋ' ಅಂತ ಅವಳೇ ನಗ್ತಿದ್ಲು." ಅಡುಗೆಯವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಲೆ ಇದೆ ಅಂತ ಬರ್ದಿತ್ತು, ಓದಿದ್ದೆ. ಅಡುಗೆಮನೇಲಿ ಯಾರ ಕೈಮೇಲೆ ಸುಟ್ಟ ಕಲೆ ಇಲ್ಲ ಹೇಳಿ? ನನ್ನ ಕೈ ನೋಡಿ. ಮುಖ ನೋಡಿ ತಾನೇ ಗುರುತು ಹಿಡಿಯೋದು? ಅದು ಗುಂಡು ಮುಖ, ಇವಳದು ಉದ್ದ."

ಕಂಡಕ್ಟರ್ ಜೇಬಿನಿಂದ ಆಸ್ಪತ್ರೆಯವರು ತೆಗೆದಿದ್ದ ಫೋಟೊ ತೆಗೆದು ಪರದೆಯ ಪಕ್ಕ ಇಟ್ಟ. "ಈ ವರ್ಷದ್ದು ತೆಗಿ ತಂಗಿ" ಎಂದ. "ಮೇಲಿಂದು ತೆಗೆದುಬಿಡು."

ಮಗಳು ತೆಗೆದಳು. ಆ ಗುಂಡಿ ಒತ್ತಿದಳು. ಗುಂಡು ಮುಖದ ಸುತ್ತಲಿಂದ ಕೆನ್ನೆಯ ಇಳಿಜಾರು, ದವಡೆ, ಚೂಪು ಗಲ್ಲ ಹೊರಬಂದವು. ಫೋಟೊದಲ್ಲಿದ್ದ ಹುಡುಗಿಯ ಕಣ್ಣು ಮುಚ್ಚಿತ್ತು, ಚರ್ಮ ಅರಿಸಿನ ಬಣ್ಣಕ್ಕೆ ತಿರುಗಿತ್ತು. ಪರದೆಯಲ್ಲಿದ್ದವಳ ಕಣ್ಣು ತೆರೆದಿತ್ತು. ಮಿಕ್ಕಂತೆ ಇಬ್ಬರೂ ಒಬ್ಬಳೇ.

"ಅಯ್ಯೋ, ಇವಳೇ" ಎಂದಳು ಅಡುಗೆಯವಳು. "ಇದನ್ನ ಹಚ್ಚಿದ್ದಿದ್ರೆ ಮೊದಲ ದಿನವೇ ನಾನೇ ಕರ್ಕೊಂಡು ಬರ್ತಿದ್ನಲ್ಲ ನಿಮ್ಮ ಮನೆಗೆ."

ಮಿಷನ್ನಿನ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ. ನಾನು ತಿರುಗಿ ನೋಡುವಾಗ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದಳು. ಮಳೆಯಲ್ಲಿ ಬಂದಿದ್ದರಿಂದ ತಲೆಯಿಂದ ನೀರು ಇಳಿಯುತ್ತಿತ್ತು. ಗಂಡ ಬೇರೆಯವರ ಜೊತೆ ನಮ್ಮ ಅಂಗಡಿ ಹತ್ತಿದ್ದನ್ನು ಕಂಡು ಬಂದಿದ್ದಳೇನೋ. ಯಾರೂ ಅವಳಿಗೆ ಏನೂ ಹೇಳಬೇಕಾಗಿರಲಿಲ್ಲ. ಅವಳು ಒಳಗೆ ಬಂದು, ಫೋಟೊ ಎತ್ತಿಕೊಂಡು ನೋಡಿ, ಕೆಳಗಿಟ್ಟಳು. ಆಮೇಲೆ ಪರದೆ ನೋಡಿದಳು.

"ಇದನ್ನ ಯಾವಾಗ ಬರ್ದೆ?"

"ಬೇಸಿಗೇಲಿ ಅಕ್ಕ."

"ಹೋದ ವರ್ಷ?"

ಮಗಳು ಹೋದ ವರ್ಷದ್ದನ್ನು ತೆರೆದು ಮಾಸ್ಕ್ ತೆಗೆದಳು.

"ಅದರ ಹಿಂದಿನ ವರ್ಷ?"

ಅದನ್ನೂ ತೆಗೆದಳು. ಟೈಲರಮ್ಮ ಕೇಳುತ್ತ ಹೋದಳು, ಮಗಳು ತೆಗೆಯುತ್ತ ಹೋದಳು. ಮುಖ ಸ್ವಲ್ಪ ಸ್ವಲ್ಪವೇ ಮೊಟಕಾಗುತ್ತ, ಗಲ್ಲ ಮೇಲೆ ಸರಿಯುತ್ತ, ಕೊನೆಗೆ ಆ ಮೊದಲ ಫೋಟೊದ ಹತ್ತಿರ ಬಂದು ನಿಂತಿತು. "ಈಗ ಮೊದಲಿಂದ ತೋರಿಸು" ಎಂದಳು ಟೈಲರಮ್ಮ. ಮಗಳು ಮೊದಲಿನಿಂದ ತೋರಿಸಿದಳು. ನಾವೆಲ್ಲ ನಿಂತೇ ಇದ್ದೆವು. ಬಟಾಣಿ ನಮ್ಮ ಕಣ್ಣೆದುರು ದೊಡ್ಡವಳಾದಳು. ಅವಳ ತಾಯಿ ಅವಳು ಬೆಳೆದದ್ದನ್ನು ನೋಡಿದ್ದು ಅಷ್ಟೇ.

ಕೊನೆಯ ಮುಖ ಬಂದ ಮೇಲೆ ಅವಳು ನನ್ನ ಮಗಳ ಕಡೆ ತಿರುಗಿದಳು. ಕೂಗಲಿಲ್ಲ. ಬಟ್ಟೆಯ ಅಳತೆ ಕೇಳುವ ದನಿಯಲ್ಲೇ ಕೇಳಿದಳು.

"ಎಲ್ಲ ವರ್ಷವೂ ನಿನಗೆ ಗೊತ್ತಿತ್ತು?"

"ಗೊತ್ತಿತ್ತು ಅಂತಲ್ಲ ಅಕ್ಕ, ಹೀಗಿರಬಹುದು ಅಂತ... ನೀವೇ ಹೇಳಿದ್ರಿ, ಗೆರೆ ದಾಟಬೇಡ ಅಂತ. ನಿಮ್ಮ ಹೊಟ್ಟೆ ಉರಿಸಬಾರದು ಅಂತ..."

"ನಾನು ಹೆತ್ತವಳು. ಬುದ್ಧಿ ಕೆಟ್ಟಿತ್ತು, ಹೇಳಿದೆ. ನಿನಗೇನಾಗಿತ್ತೇ? ನಾನು ಬಾವಿಗೆ ಬೀಳ್ತೀನಿ ಅಂದ್ರೆ ದಾರಿ ಬಿಟ್ಟು ನಿಲ್ತಿದ್ಯಾ?"

ಮಗಳು ಪೆನ್ನು ಕೆಳಗಿಟ್ಟಳು. ಕಂಡಕ್ಟರ್ ಮುಂದೆ ಬಂದು ಹೆಂಡತಿಯ ಭುಜ ಮುಟ್ಟಿದ. "ನಾನೂ ಸುಮ್ಮನಾದೆ ಕಣೇ" ಎಂದ. ಅವಳು ಅವನ ಕೈಯನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟಳು, ಮೈಮೇಲೆ ಬಿದ್ದ ದಾರ ತೆಗೆದಿಡುವ ಹಾಗೆ. "ಹೌದು, ಸುಮ್ಮನಾದೆ" ಎಂದಳು. ಆಮೇಲೆ ಅಡುಗೆಯವಳನ್ನು, "ಊಟ ಮಾಡಿದ್ರಾ?" ಎಂದು ಕೇಳಿ, ಇಲ್ಲವೆಂದ ಮೇಲೆ ತನ್ನ ಮನೆಗೆ ಕರೆದುಕೊಂಡು ಹೋದಳು. ಅವರಿಬ್ಬರೂ ಮಳೆ ಬಿಡುವವರೆಗೆ ಒಳಗೇ ಇದ್ದರು. ಬಟಾಣಿ ಏನು ತಿನ್ನುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು, ಜ್ವರದಲ್ಲಿ ಯಾರನ್ನು ಕರೆದಳು ಎಂದೆಲ್ಲ ಕೇಳಿದಳಂತೆ. ಮುದುಕಿಯನ್ನು ಕರೆದಳು ಎಂದು ಅಡುಗೆಯವಳು ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟಳಂತೆ.

ಮಗಳು ಮರುದಿನ ಅಂಗಡಿ ತೆಗೆದಳು. ನೀರಿನ ಲಾರಿಗೆ ಒಂದು ಬೋರ್ಡು ಇತ್ತು, ಅಕ್ಷರ ಮಾತ್ರ. ಅದನ್ನು ಮಾಡಿದಳು. ಮುಖದ ಕೆಲಸ ಬಂದರೆ ಪಕ್ಕದ ಬೀದಿಗೆ ಕಳಿಸುತ್ತಾಳೆ. ಬಟಾಣಿಯ ಚಿತ್ರಗಳನ್ನು ಅಳಿಸಲೋ ಎಂದು ನನ್ನನ್ನು ಕೇಳಿದಳು. ಅದನ್ನು ಹೇಳಲು ನಾನು ಯಾರು? ಕೇಳಬೇಕಾದವಳನ್ನು ಹೋಗಿ ಕೇಳು ಎಂದೆ. ರಸ್ತೆಯ ಅರ್ಧದವರೆಗೆ ಹೋಗಿ ವಾಪಸು ಬಂದಳು.

ಕಂಡಕ್ಟರ್ ವಾರ ರಜೆ ಹಾಕಿದ್ದ. ಟೈಲರಮ್ಮ ಆ ವಾರವೆಲ್ಲ ಹೊಲಿದಳು. ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ಮುಗಿಸಿ, ಮಡಿಸಿ, ಗಿರಾಕಿಗಳ ಮನೆಗೆ ತಾನೇ ಮುಟ್ಟಿಸಿದಳು. ನನ್ನ ರವಿಕೆಯನ್ನೂ ತಂದುಕೊಟ್ಟಳು. "ದೊಡ್ಡಮ್ಮ, ಕಂಕುಳ ಹತ್ರ ಬಿಗಿ ಆದ್ರೆ ಒಳಗೆ ಬಟ್ಟೆ ಬಿಟ್ಟಿದೀನಿ, ಯಾರ ಕೈಲಾದ್ರೂ ಬಿಚ್ಚಿಸ್ಕೊಳ್ಳಿ" ಎಂದಳು. ಒಳಗೆ ಕೂತಿದ್ದ ಮಗಳ ಕಡೆ ನೋಡಲಿಲ್ಲ.

ಆ ಮೆಸ್ಸಿನಲ್ಲಿ ಪಾತ್ರೆ ತೊಳೆಯಲು ಜನ ಬೇಕಾಗಿತ್ತು. ಟೈಲರಮ್ಮ ಆ ಕೆಲಸಕ್ಕೆ ಹೊರಟದ್ದು ಗುರುವಾರ, ಬೆಳಗಿನ ಬಸ್ಸಿಗೆ. ಕಂಡಕ್ಟರ್ ನಿಲ್ದಾಣದವರೆಗೂ ಚೀಲ ಹೊತ್ತುಕೊಂಡು ಹೋಗಿ, ಅವಳನ್ನು ಹತ್ತಿಸಿ, ಒಬ್ಬನೇ ನಡೆದು ಬಂದ.